ಗೋಡೆಗೆ ಅಂಟಿಸಿದ ಸಮಜಾಯಿಷಿ

ಮೈಕ್ರೋಪ್ರೊಸೆಸರ್ ಲ್ಯಾಬಿನ ಬೀಗದ ಕೈ ನನ್ನ ಸೊಂಟಕ್ಕೆ ಬಂದದ್ದು ಎಂಬತ್ತೈದನೇ ಇಸವಿಯ ಆಷಾಢದಲ್ಲಿ. ಅದಕ್ಕೆ ಮೊದಲು ಆರು ವರ್ಷ ತುಮಕೂರಿನ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಸ ಗುಡಿಸುತ್ತಿದ್ದೆ. ಹೊಸ ಲ್ಯಾಬಿಗೆ ಅಟೆಂಡರ್ ಬೇಕು ಎಂದಾಗ ನನ್ನ ಹೆಸರು ಹೇಳಿದವರು ಗಂಗಹನುಮಯ್ಯ ಸಾರ್. ಗುಬ್ಬಿಯಿಂದ ದಿನಾ ರೈಲಿನಲ್ಲಿ ಬಂದುಹೋಗುವ, ಇನ್ನೂ ಮೂವತ್ತು ತುಂಬದ ಮೇಷ್ಟ್ರು. ವಿಭಾಗದ ಮುಖ್ಯಸ್ಥರಾದ ವೀರಭದ್ರಯ್ಯ ಸಾಹೇಬರಿಗೆ ಅದು ಹಿಡಿಸಲಿಲ್ಲ. ನಾನು ಬಾಗಿಲ ಹೊರಗೆ ನಿಂತಿದ್ದೇನೆಂದು ತಿಳಿದೇ ಅವರು ಮಾತಾಡಿದರು.

"ಓದದೋರ ಕೈಗೆ ಲ್ಯಾಬ್ ಕೊಡೋದಾ? ಒಂದೊಂದು ಕಿಟ್ಟೂ ಬೆಂಗ್ಳೂರಿಂದ ತರ್ಸಿರೋದು ಕಣ್ರೀ."

"ಓದಿದಾರೆ ಸಾರ್. ನೈಟ್ ಸ್ಕೂಲಲ್ಲಿ ಏಳನೇ ಕ್ಲಾಸು ಪಾಸು."

"ಏಳನೇ ಕ್ಲಾಸಲ್ಲಿ ಹೆಕ್ಸಾಡೆಸಿಮಲ್ ಹೇಳ್ಕೊಟ್ಟಿದ್ರೇನು?"

"ಎ ಇಂದ ಎಫ್‌ವರೆಗೂ ಬರುತ್ತೆ ಸಾರ್. ಅಷ್ಟು ಸಾಕು."

ಗಂಗಹನುಮಯ್ಯ ಸಾರ್ ಹೇಳಿದ್ದು ತಮಾಷೆಗಲ್ಲ. ಗಂಡ ತೀರಿಕೊಂಡ ಮೇಲೆ ಊರ್ಡಿಗೆರೆ ಬಿಟ್ಟು ತುಮಕೂರಿಗೆ ಬಂದ ನಾನು ಮೂವತ್ತೆಂಟನೇ ವಯಸ್ಸಿನಲ್ಲಿ ಸ್ಲೇಟು ಹಿಡಿದವಳು. ನೈಟ್ ಸ್ಕೂಲಿನ ಅಡವಿಯಪ್ಪ ಮೇಷ್ಟ್ರು ವಾರಕ್ಕೆ ಒಂದು ಇಂಗ್ಲಿಷ್ ಅಕ್ಷರ ಕಲಿಸುತ್ತಿದ್ದರು. ಆರನೇ ವಾರ ಎಫ್ ಬಂತು, ಏಳನೇ ವಾರ ಅವರಿಗೆ ವರ್ಗವಾಯಿತು. ಉಳಿದ ಅಕ್ಷರಗಳನ್ನು ಬಹಳ ತಡವಾಗಿ, ಬಸ್ಸಿನ ಬೋರ್ಡು ನೋಡಿ ಕಲಿತೆ. ಆದರೆ ಲ್ಯಾಬಿನಲ್ಲಿ ಅವು ಬೇಕಾಗಲೇ ಇಲ್ಲ. ಕಿಟ್ಟು ಎಂದರೆ ಗುಂಡಿಗಳೂ ಕೆಂಪು ಅಂಕಿ ಮೂಡುವ ಕಿಂಡಿಯೂ ಇರುವ ಪುಟ್ಟ ಯಂತ್ರ; ಅದರ ಲೆಕ್ಕವೇ ಹಾಗೆ. ಒಂಬತ್ತಾದ ಮೇಲೆ ಹತ್ತು ಬರುವುದಿಲ್ಲ, ಎ ಬರುತ್ತದೆ. ಎಫ್ ತಲುಪಿದ ಮೇಲೆ ಹೊಸ ಮನೆ ಶುರು. ಹುಡುಗರು ಬರೆಯುವ ಪ್ರೋಗ್ರಾಮೆಲ್ಲ ಕೊನೆಗೆ ಇಂಥ ಎರಡೆರಡು ಅಕ್ಷರದ ಜೋಡಿಗಳಾಗಿ ಇಳಿಯುತ್ತಿತ್ತು. ಅದನ್ನು ಕಿಟ್ಟಿನ ಗುಂಡಿ ಒತ್ತಿ ಒಂದೊಂದಾಗಿ ತುಂಬಬೇಕು. ಒಬ್ಬರು ಓದುವುದು, ಒಬ್ಬರು ಒತ್ತುವುದು, ಇದು ನಮ್ಮ ಲ್ಯಾಬಿನ ಪದ್ಧತಿ. ಒಬ್ಬರೇ ಓದಿ ಒಬ್ಬರೇ ಒತ್ತಿದರೆ ಸಾಲು ತಪ್ಪುವುದು ಖಂಡಿತ.

ಎಂಬತ್ತೇಳರಲ್ಲಿ ಕೊನೆಯ ವರ್ಷಕ್ಕೆ ಬಂದ ತಂಡದಲ್ಲಿ ಇಪ್ಪತ್ತು ಜನ ಹುಡುಗರು, ಒಬ್ಬಳೇ ಹುಡುಗಿ. ಹುಡುಗರು ಹುಡುಗರೇ ಜೋಡಿಯಾದರು. ಸರ್ವಮಂಗಳ ಒಂಟಿ ಉಳಿದಳು. ಹಾಗಾಗಿ ಅವಳಿಗೆ ಓದುವ ಕೆಲಸ ನನ್ನದಾಯಿತು.

"ಮೂರು ಇ," ಅಂತ ನಾನು.

"ಮೂರು ಇ," ಅಂತ ಅವಳ ಬೆರಳು.

"ಎಂಟು ಎರಡು. ಡಿ ಮೂರು. ಸೊನ್ನೆ ಮೂರು."

"ಅಕ್ಕ, ಓಡ್ಬೇಡಿ. ರಾಗಿ ಬೀಸ್ದಂಗೆ ನಿಧಾನಕ್ಕೆ ಹೇಳಿ."

"ನೀನು ರಾಗಿ ಬೀಸಿದ್ದೀಯೇನವ್ವ?"

"ಇಲ್ಲ ಬುಡಿ. ನಮ್ಮಜ್ಜಿ ಬೀಸೋದು ನೋಡಿದೀನಿ."

ಅವಳು ಹುತ್ರಿದುರ್ಗದ ಕಡೆಯ ಹಳ್ಳಿಯವಳು. ಬೆಳಿಗ್ಗೆ ಆರರ ಬಸ್ಸಿಗೆ ಕುಣಿಗಲ್, ಅಲ್ಲಿಂದ ಇನ್ನೊಂದು ಬಸ್ಸಿಗೆ ತುಮಕೂರು. ಸಂಜೆ ಅದೇ ದಾರಿ. ಹೀಗೆ ನಾಲ್ಕನೇ ವರ್ಷ. ಮಧ್ಯಾಹ್ನ ಲ್ಯಾಬಿನ ಹಿಂದಿನ ಕಟ್ಟೆಯಲ್ಲಿ ಕೂತು ರೊಟ್ಟಿ ತಿನ್ನುವಾಗ ಒಮ್ಮೆ ಹೇಳಿದ್ದಳು: "ನಾಲ್ಕು ವರ್ಷ ಅಂತ ಮಾತಾಗೈತೆ ಅಕ್ಕ. ಅಪ್ಪಾಜಿ ಒಂದಿನಾನೂ ಬೇಡ ಅಂದಿಲ್ಲ. ಆದ್ರೆ ಐದನೇ ವರ್ಷ ಅನ್ನೋದು ಇಲ್ಲ. ಫೇಲಾದ್ರೆ ಅಲ್ಲಿಗೆ ನಿಂತೋಯ್ತು." ಹೇಳಿ, ಉಪ್ಪಿನಕಾಯಿ ನನ್ನ ಕಡೆ ಸರಿಸಿದಳು.

ಗಂಗಹನುಮಯ್ಯ ಸಾರ್ ಪಾಠ ಮಾಡುವ ರೀತಿ ಬೇರೆಯೇ ಇತ್ತು. ಮೊದಲ ದಿನ ಹುಡುಗರು ಇನ್ನೂರು ಜೋಡಿ ಅಂಕಿಗಳನ್ನು ಬೆವರು ಸುರಿಸಿ ತುಂಬಿಸಿ ಮುಗಿಸಿದ ಕೂಡಲೇ ಸಾರ್ ಹೋಗಿ ಮೇನ್ ಸ್ವಿಚ್ ಆರಿಸಿಬಿಡುತ್ತಿದ್ದರು. ಲ್ಯಾಬೆಲ್ಲ "ಅಯ್ಯೋ" ಎನ್ನುತ್ತಿತ್ತು. ಮತ್ತೆ ಹಾಕಿದರೆ ಕಿಟ್ಟಿನಲ್ಲಿ ಏನೂ ಉಳಿದಿರುತ್ತಿರಲಿಲ್ಲ.

"ಕರೆಂಟ್ ಹೋಗಲ್ಲ ಅಂತ ಯಾರಾದ್ರೂ ಬರ್ಕೊಟ್ಟಿದ್ರಾ?" ಎಂದು ಕೇಳುತ್ತಿದ್ದರು. "ನೀವು ಮಾಡೋ ಮಷೀನು ಹೊಲದಲ್ಲಿರುತ್ತೆ, ಫ್ಯಾಕ್ಟರೀಲಿರುತ್ತೆ. ಅಲ್ಲಿ ನೀವಿರಲ್ಲ, ಕೀಬೋರ್ಡೂ ಇರಲ್ಲ. ಕರೆಂಟ್ ಹೋಗಿ ಬಂದ್ರೆ ಅದೇ ಎದ್ದು, ಅದೇ ತನ್ನ ಕೆಲಸಕ್ಕೆ ಕೂತ್ಕೋಬೇಕು. ಯಾರೂ ಎಬ್ಬಿಸಬಾರದು. ಹಂಗೆ ಮಾಡಿದ್ರೆ ಪಾಸು."

ಹಾಗೆ ಏಳಬೇಕಾದರೆ ಪ್ರೋಗ್ರಾಮನ್ನು ಚಿಪ್‌ನಲ್ಲಿ ಬರೆಯಬೇಕು. ನಮ್ಮಲ್ಲಿ ಅಂಥ ಚಿಪ್ ಐದಿದ್ದವು. ಕರಿಯ ಬಣ್ಣ, ಇಪ್ಪತ್ತನಾಲ್ಕು ಕಾಲು, ಥೇಟ್ ಜರಿಹುಳದ ಹಾಗೆ. ಬೆನ್ನಿನ ಮೇಲೆ ಕಡಲೆಕಾಳಿನಷ್ಟು ದುಂಡನೆಯ ಗಾಜಿನ ಕಿಟಕಿ. ಅದರಲ್ಲಿ ಬರೆದದ್ದು ಕರೆಂಟು ಹೋದರೂ ಅಳಿಯುವುದಿಲ್ಲ. ಅಳಿಸಬೇಕಾದರೆ ನೇರಳೆ ದೀಪವಿರುವ ಒಂದು ಪೆಟ್ಟಿಗೆಯೊಳಗೆ ಇಪ್ಪತ್ತು ನಿಮಿಷ ಇಡಬೇಕು. ಬೆಳಕು ಆ ಕಿಟಕಿಯಿಂದ ಒಳಗಿಳಿದು ಬರೆದದ್ದನ್ನೆಲ್ಲ ಅಳಿಸುತ್ತದೆ. ಆಮೇಲೆ ಓದಿ ನೋಡಿದರೆ ಎಲ್ಲ ಮನೆಯಲ್ಲೂ ಎಫ್ ಎಫ್ ಎಂದು ಬರಬೇಕು. ಅಲ್ಲಿಗೆ ಸ್ಲೇಟು ಒರೆಸಿದ ಹಾಗೆ. ಬೇರೆ ಸಮಯದಲ್ಲಿ ಬೆಳಕು ತಾಗದಿರಲೆಂದು ಕಿಟಕಿಯ ಮೇಲೆ ಒಂದು ಬಿಳಿ ಚೀಟಿ ಅಂಟಿಸಿರುತ್ತಾರೆ.

ಆ ವರ್ಷದ ಆಯುಧಪೂಜೆಗೆ ಗಂಗಹನುಮಯ್ಯ ಸಾರ್ ರಜೆಯಲ್ಲಿದ್ದರು. ವೀರಭದ್ರಯ್ಯ ಸಾಹೇಬರು ಬೆಳಿಗ್ಗೆಯೇ ಮಡಿ ಪಂಚೆಯಲ್ಲಿ ಬಂದಿದ್ದರು. ನಾನು ಹಿಂದಿನ ದಿನವೇ ಟೇಬಲ್ಲು ತೊಳೆದು, ಕಿಟ್ಟುಗಳ ಧೂಳು ಹೊಡೆದು, ಬಾಳೆಕಂದು ಕಟ್ಟಿಸಿದ್ದೆ. ಚಿಪ್‌ಗಳ ಮೇಲಿನ ಹಳೆಯ ಚೀಟಿಗಳು ಸುಕ್ಕಾಗಿ ಕೊಳೆಯಾಗಿದ್ದವು. ಹಬ್ಬಕ್ಕೆ ಹೊಸದಿರಲಿ ಎಂದು ಕಿತ್ತು, ಗಾಜು ಒರೆಸಿ ಇಟ್ಟಿದ್ದೆ. ಸಾಹೇಬರು ನನ್ನ ಕೈಗೆ ವಿಭೂತಿಯ ಬಟ್ಟಲು ಕೊಟ್ಟು ಹೇಳಿದರು:

"ಒಂದನ್ನೂ ಬಿಡ್ಬೇಡಮ್ಮ ಹೊಂಬಾಳಮ್ಮ. ಸ್ಕ್ರೂಡ್ರೈವರಿಗೂ ಇಡು. ಯಾವ್ದನ್ನ ಬಿಡ್ತೀವೋ ಅದೇ ವರ್ಷದಲ್ಲಿ ಕೈಕೊಡೋದು."

ನಾನು ಒಂದನ್ನೂ ಬಿಡಲಿಲ್ಲ. ಚಿಪ್‌ಗೆ ಹಣೆ ಅಂತ ಇದ್ದರೆ ಆ ಗಾಜಿನ ಕಿಟಕಿಯೇ. ನೀರಲ್ಲಿ ಕಲಸಿದ ವಿಭೂತಿಯನ್ನು ಕಡ್ಡಿಯಲ್ಲಿ ಅದ್ದಿ ಮೂರು ಸಣ್ಣ ಗೆರೆ, ನಡುವೆ ಕುಂಕುಮದ ಚುಕ್ಕೆ. ಐದಕ್ಕೂ ಹಾಗೆ. ಮಂಗಳಾರತಿ ಆಯಿತು. ಒಣಗಿದ ಮೇಲೆ ಮೇಲೊಂದು ಹೊಸ ಚೀಟಿ ಅಂಟಿಸಿ, ಒಂದರಿಂದ ಐದರವರೆಗೆ ನಂಬರು ಬರೆದು, ತಗಡಿನ ಡಬ್ಬಿಯಲ್ಲಿಟ್ಟೆ. ಆ ಚಿಪ್‌ಗಳನ್ನು ನಾಲ್ಕೈದು ತಿಂಗಳು ಯಾರೂ ಮುಟ್ಟಲಿಲ್ಲ. ನಾನೂ ಮರೆತೆ.

ಶಿವರಾತ್ರಿ ಕಳೆದ ಮೇಲೆ ಪ್ರಾಜೆಕ್ಟ್ ಶುರುವಾಯಿತು. ಸರ್ವಮಂಗಳ ಹಿಡಿದದ್ದು ಹಾಸ್ಟೆಲಿನ ನೀರಿನ ಟ್ಯಾಂಕು. ಆ ಟ್ಯಾಂಕು ದಿನಾ ಬೆಳಿಗ್ಗೆ ತುಂಬಿ ಹರಿದು ಅಡುಗೆಮನೆಯ ಗೋಡೆಯೆಲ್ಲ ಪಾಚಿಗಟ್ಟಿತ್ತು. ಪಂಪು ನೋಡಿಕೊಳ್ಳುವ ಚಿಕ್ಕಮಾರಯ್ಯ ಮೋಟರ್ ಹಾಕಿ ಬೀಡಿ ಹಚ್ಚಿದರೆ ಟ್ಯಾಂಕಿನ ನೆನಪು ಬರುತ್ತಿದ್ದದ್ದು ನೀರು ತಲೆಯ ಮೇಲೆ ಬಿದ್ದಾಗಲೇ. ಅವಳು ಟ್ಯಾಂಕಿನ ಬದಲು ಒಂದು ಬಕೆಟ್ ಇಟ್ಟುಕೊಂಡು, ಅದರೊಳಗೆ ಮೂರು ತಾಮ್ರದ ತಂತಿ ಇಳಿಬಿಟ್ಟಳು. ನೀರು ಕೆಳಗಿನ ತಂತಿ ಬಿಟ್ಟರೆ ಮೋಟರ್ ಓಡಬೇಕು, ಮೇಲಿನ ತಂತಿ ಮುಟ್ಟಿದರೆ ನಿಲ್ಲಬೇಕು. ಕಿಟ್ಟು ಅಪ್ಪಣೆ ಕೊಟ್ಟಾಗ ರಿಲೇ ಎಂಬ ಪುಟ್ಟ ಡಬ್ಬಿ 'ಟಕ್' ಎನ್ನುತ್ತಿತ್ತು.

ಚಿಕ್ಕಮಾರಯ್ಯ ಕಿಟಕಿಯಲ್ಲಿ ತಲೆ ತೂರಿಸಿದ. "ಏನವ್ವಾ, ಬಕೆಟ್ಟಿಗೆ ದೆವ್ವ ಹಿಡಿಸ್ತಿದ್ದೀರಾ?"

"ನಿನ್ ಬದ್ಲು ನಿಂತ್ಕಳ್ಳೋಕೆ ಒಬ್ಬನ್ನ ಮಾಡ್ತಾ ಇದೀವಿ ಕಣಣ್ಣ," ಎಂದಳು ಸರ್ವಮಂಗಳ.

"ಮಾಡವ್ವ, ಮಾಡು. ಬೀಡಿ ಸೇದದೇ ಇರೋನ್ನ ಮಾಡು. ಇಬ್ರು ಆದ್ರೆ ಬೆಂಕಿಪೊಟ್ಣ ಸಾಲಕ್ಕಿಲ್ಲ."

ಪ್ರೋಗ್ರಾಮು ಕಿಟ್ಟಿನಲ್ಲಿ ಚೆನ್ನಾಗಿ ಓಡಿತು. ಇನ್ನು ಉಳಿದದ್ದು ಚಿಪ್‌ಗೆ ಬರೆಯುವುದು. ಶನಿವಾರ ಬೆಂಗಳೂರಿನಿಂದ ಎಕ್ಸಾಮಿನರ್ ಬರುವವರಿದ್ದರು. ಬುಧವಾರ ಬೆಳಿಗ್ಗೆ ಅವಳು ಮೂರನೇ ನಂಬರಿನ ಚಿಪ್ ತೆಗೆದು, ಚೀಟಿ ಕಿತ್ತು, ದೀಪದ ಪೆಟ್ಟಿಗೆಯೊಳಗಿಟ್ಟಳು. ಇಪ್ಪತ್ತು ನಿಮಿಷದ ಮೇಲೆ ನಾವಿಬ್ಬರೂ ಓದಿ ನೋಡಿದೆವು. ಎಫ್ ಎಫ್, ಎಫ್ ಎಫ್ ಎಂದು ಹೋಗುತ್ತಾ ಹೋಗುತ್ತಾ ಒಂದು ಕಡೆ ಬಿ ಎಫ್ ಬಂತು. ಇನ್ನೊಂದು ಕಡೆ ಏಳು ಎಫ್. ಮುಂದೆ ಹೋದ ಹಾಗೆ ಹಳೆಯ ಅಂಕಿಗಳು ಅಲ್ಲಲ್ಲಿ ಕೂತೇ ಇದ್ದವು, ಅರೆಬರೆ ಒರೆಸಿದ ಸ್ಲೇಟಿನ ಹಾಗೆ. ಮತ್ತೆ ಇಪ್ಪತ್ತು ನಿಮಿಷ ಇಟ್ಟಳು. ಈ ಸಲ ತಡೆಯಲಾರದೆ ಮಧ್ಯದಲ್ಲೇ ಮುಚ್ಚಳ ಎತ್ತಿ ನೋಡಿದಳು. ಆ ಗಳಿಗೆಯಲ್ಲೇ ವೀರಭದ್ರಯ್ಯ ಸಾಹೇಬರು ಒಳಗೆ ಬಂದರು.

"ಏಯ್! ಏನದು? ದೀಪ ಉರೀತಿರುವಾಗ ತೆಗೀಬಾರದು ಅಂತ ದಪ್ಪಕ್ಷರದಲ್ಲಿ ಬರೆದಿಲ್ವಾ? ಅನ್ನ ಬೆಂದಿದ್ಯಾ ಅಂತ ಮುಚ್ಚಳ ತೆಗೆದು ನೋಡೋಕೆ ಇದೇನು ನಿಮ್ಮನೆ ತಪ್ಪಲೇನಾ?"

ಅವಳು ಮುಚ್ಚಳ ಹಾಕಿದಳು. ಎರಡನೇ ಸಲವೂ ಚಿಪ್ ಅಳಿಯಲಿಲ್ಲ. ಗುರುವಾರ ಗಂಗಹನುಮಯ್ಯ ಸಾರ್ ಸ್ವತಃ ಒಂದನೇ ನಂಬರಿನ ಚಿಪ್ ಇಟ್ಟು ನೋಡಿದರು. ಅದೂ ಹಾಗೇ. ಅಲ್ಲಿಗೆ ಸಾಹೇಬರು ತೀರ್ಮಾನ ಮಾಡಿಬಿಟ್ಟರು: ದೀಪ ಕೆಟ್ಟಿದೆ, ಕೆಡಿಸಿದವಳು ಸರ್ವಮಂಗಳ.

"ಹೊಸ ದೀಪ ಬರೋಕೆ ಹದಿನೈದು ದಿನ ಬೇಕು. ಆ ಹುಡುಗಿ ಇನ್ಮೇಲೆ ಲ್ಯಾಬೊಳಗೆ ಕಾಲಿಡೋದು ಬೇಡ. ಎಕ್ಸಾಮಿನರ್‌ಗೆ ಪ್ರಾಜೆಕ್ಟ್ ಆಗಿಲ್ಲ ಅಂತ ಬರೀರಿ."

"ಸಾರ್, ಹಂಗೆ ಬರೆದ್ರೆ ವರ್ಷಾನೇ ಹೋಗುತ್ತೆ," ಎಂದರು ಗಂಗಹನುಮಯ್ಯ ಸಾರ್. "ಕಿಟ್ಟಿನ ಗುಂಡಿ ಒತ್ತೇ ತೋರಿಸ್ತಾಳೆ, ಅಷ್ಟಕ್ಕಾದ್ರೂ ಬಿಡಿ."

"ಎಕ್ಸಾಮಿನರ್ ಸ್ವಿಚ್ ಆರಿಸಿ ಹಾಕ್ತಾರೆ. ಆಗ ಏನು ತೋರಿಸ್ತಾಳೆ? ಕರೆಂಟ್ ಹೋದ್ರೆ ತಾನೇ ಏಳ್ಬೇಕು ಅಂತ ರೂಲ್ ಮಾಡಿರೋರು ನೀವೇ ಅಲ್ವೇನ್ರೀ?"

ಸರ್ವಮಂಗಳ ಕಾರಿಡಾರಿನಲ್ಲಿ ಚೀಲ ಎದೆಗವಚಿಕೊಂಡು ನಿಂತಿದ್ದಳು. ಅಳಲಿಲ್ಲ. "ಆರೂವರೆ ಬಸ್ಸಿಗೆ ಹೋಗ್ತೀನಿ ಅಕ್ಕ," ಎಂದಳು. ಹೋಗಲಿಲ್ಲ, ಅಲ್ಲೇ ನಿಂತಿದ್ದಳು. "ಅಪ್ಪಾಜಿಗೆ ಏನಂತ ಹೇಳ್ಲಿ? ಮುಚ್ಚಳ ತೆಗೆದೆ, ಅದಕ್ಕೆ ಓದು ನಿಂತೋಯ್ತು ಅಂತ ಹೇಳ್ಲಾ?"

"ಈವತ್ತೇನೂ ಹೇಳ್ಬೇಡ," ಎಂದೆ.

ಅವಳು ಹೋದ ಮೇಲೆ ಪೊರಕೆ ಹಿಡಿದು ಟೇಬಲ್ಲುಗಳ ಕೆಳಗೆ ಗುಡಿಸತೊಡಗಿದೆ. ಅವಳು ಕೂರುತ್ತಿದ್ದ ಟೇಬಲ್ಲಿನ ಅಂಚಿಗೆ ಮೂರನೇ ನಂಬರಿನ ಚೀಟಿ ನೇತಾಡುತ್ತಿತ್ತು. ಕಿತ್ತ ಚೀಟಿಯನ್ನು ಹುಡುಗರೆಲ್ಲ ಟೇಬಲ್ಲಿನ ಅಂಚಿಗೆ ಮೆತ್ತಿ ಬಿಡುತ್ತಾರೆ, ಒರೆಸುವವಳು ನಾನು. ಬಿಡಿಸಿ ಎಸೆಯಲು ಹೋದವಳು ಅದರ ಹಿಂಬದಿ ನೋಡಿದೆ. ಗೋಂದಿನ ಮೇಲೆ ಸಣ್ಣಗೆ ಮೂರು ಬಿಳಿ ಗೆರೆ. ನಡುವೆ ಮಾಸಿದ ಕೆಂಪು ಚುಕ್ಕೆ.

ಪೊರಕೆ ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕೂತೆ.

ಡಬ್ಬಿ ತೆರೆದು ಮೂರನೇ ನಂಬರಿನ ಚಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗಾಜಿನ ಮೇಲೆ ತೆಳ್ಳಗೆ ಬೆಳ್ಳನೆಯ ಮಸುಕು. ಸರ್ವಮಂಗಳ ಅದನ್ನು ಗೋಂದಿನ ಕಲೆ ಅಂದುಕೊಂಡಿದ್ದಳು, ಸಾರ್ ಕೂಡ. ಎರಡನೆಯದರ ಚೀಟಿಯ ಮೂಲೆ ಎತ್ತಿ ನೋಡಿದೆ. ಅದರಲ್ಲೂ ಮೂರು ಗೆರೆ. ನಾಲ್ಕರಲ್ಲೂ, ಐದರಲ್ಲೂ. ನನ್ನ ಕೈಯ ಗೆರೆಗಳು, ನನಗೆ ಗುರುತು ಸಿಗದೆ ಇರುತ್ತದೆಯೇ? ದೀಪದ ಬೆಳಕು ವಿಭೂತಿಯನ್ನು ದಾಟಿ ಒಳಗೆ ಹೋಗಿರಲಿಲ್ಲ. ದೀಪಕ್ಕೆ ಏನೂ ಆಗಿರಲಿಲ್ಲ.

ಇಲ್ಲಿ ಒಂದು ಮಾತು ನಿಜವಾಗಿ ಹೇಳಬೇಕು. ಮೊದಲು ನನಗೆ ಬಂದ ಯೋಚನೆ ಯಾರಿಗೂ ಹೇಳದೆ ಐದನ್ನೂ ಒರೆಸಿಬಿಡೋಣ ಎಂಬುದೇ. ಒರೆಸಿಟ್ಟು, ನಾಳೆ ಇನ್ನೊಂದು ಸಲ ನೋಡಿ ಸಾರ್ ಅಂದರೆ ಅಳಿಯುತ್ತದೆ, ಹುಡುಗಿ ಬಚಾವು, ನಾನೂ ಬಚಾವು. ಆದರೆ ಸಾಹೇಬರು ಅವಳನ್ನು ಲ್ಯಾಬಿಗೇ ಬಿಡುತ್ತಿರಲಿಲ್ಲವಲ್ಲ. ದೀಪ ಕೆಡಿಸಿದವಳು ಎಂಬ ಮಾತು ಹೋಗಬೇಕಾದರೆ ದೀಪ ಕೆಟ್ಟಿಲ್ಲ ಎಂದು ತೋರಿಸಬೇಕು. ಕೆಟ್ಟಿಲ್ಲ ಎಂದರೆ ಮತ್ತೆ ಏನಾಯಿತು ಎಂದು ಕೇಳುತ್ತಾರೆ. ಏನಾಯಿತು ಎಂಬುದಕ್ಕೆ ಒಂದೇ ಉತ್ತರ. ಆ ಉತ್ತರ ಕೊಟ್ಟರೆ ಬೀಗದ ಕೈ ಹೋಗುತ್ತದೆ. ಓದದವಳ ಕೈಗೆ ಕೊಡಬೇಡಿ ಎಂದಿದ್ದ ಸಾಹೇಬರ ಮಾತು ನಿಜವಾಗುತ್ತದೆ, ಸಾಕು ಸಾರ್ ಎಂದಿದ್ದ ಗಂಗಹನುಮಯ್ಯ ಸಾರ್ ಮಾತು ಸುಳ್ಳಾಗುತ್ತದೆ. ಎರಡನೆಯದೇ ನನಗೆ ಹೆಚ್ಚು ಚುಚ್ಚಿತು.

ಶುಕ್ರವಾರ ಬೆಳಿಗ್ಗೆ ಸಾಹೇಬರ ಕೋಣೆಯ ಮುಂದೆ ಹೋಗಿ ನಿಂತೆ. ಅವರು ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತಿರಲಿಲ್ಲ.

"ಏನಮ್ಮ?"

ಅಂಗೈಯಲ್ಲಿದ್ದ ಚೀಟಿಯನ್ನು ಟೇಬಲ್ಲಿನ ಗಾಜಿನ ಮೇಲೆ ಮಗುಚಿ ಇಟ್ಟೆ. "ದೀಪ ಕೆಟ್ಟಿಲ್ಲ ಸಾರ್. ಆಯುಧಪೂಜೇಲಿ ನಾನು ಚಿಪ್‌ಗಳ ಕಿಟಕಿ ಮೇಲೆ ವಿಭೂತಿ ಇಟ್ಟಿದ್ದೆ. ಅದರ ಮೇಲೇ ಚೀಟಿ ಅಂಟಿಸ್ದೆ. ಐದಕ್ಕೂ ಇಟ್ಟಿದೀನಿ. ಬೆಳಕು ಒಳಗೆ ಹೋಗಿಲ್ಲ. ಆ ಮಗು ಏನೂ ಮಾಡಿಲ್ಲ."

ಅವರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಬಹಳ ಹೊತ್ತು ನೋಡಿದರು. ಅವರ ಹಣೆಯಲ್ಲೂ ಆ ಬೆಳಗಿನ ಮೂರು ಗೆರೆ ಇತ್ತು. ಗಂಗಹನುಮಯ್ಯ ಸಾರ್‌ಗೆ ಹೇಳಿಕಳಿಸಿದರು. ಸಾರ್ ಬಂದವರು ಚೀಟಿ ನೋಡಿದರು, ನನ್ನನ್ನು ನೋಡಿದರು, "ಅಯ್ಯೋ ಹೊಂಬಾಳಮ್ಮೋರೇ," ಎಂದು ನಕ್ಕೇಬಿಟ್ಟರು. ಸಾಹೇಬರು ನಗಲಿಲ್ಲ.

"ಇದೇ ಕಾರಣ ಅಂತ ಹೆಂಗ್ರೀ ಹೇಳ್ತೀರಾ?"

"ಒರೆಸಿ ನೋಡಿದ್ರೆ ಗೊತ್ತಾಗುತ್ತೆ ಸಾರ್. ಇಪ್ಪತ್ತು ನಿಮಿಷ."

"ನೋಡಿ. ಆ ಹುಡುಗೀನೂ ಕರೀರಿ, ಅವಳ ಕಣ್ಣೆದುರೇ ಆಗ್ಲಿ." ಆಮೇಲೆ ನನ್ನ ಕಡೆ ತಿರುಗಿದರು. "ಬೀಗದ ಕೈ ಇಲ್ಲಿಟ್ಟೋಗಮ್ಮ."

ಸೊಂಟದಿಂದ ಬಿಚ್ಚಿ ಇಟ್ಟೆ. ಎರಡೂವರೆ ವರ್ಷದಲ್ಲಿ ಅದರ ಗುರುತು ಸೀರೆಯ ಮೇಲೆ ಬಿದ್ದಿತ್ತು.

ಫಸ್ಟ್ ಏಡ್ ಡಬ್ಬಿಯಿಂದ ಸ್ಪಿರಿಟ್ಟೂ ಹತ್ತಿಯೂ ಬಂದವು. ಸಾರ್ ಮೂರನೇ ನಂಬರಿನ ಗಾಜನ್ನು ಒರೆಸಿ ಒರೆಸಿ, ಮಸುಕು ಪೂರ್ತಿ ಹೋಗುವ ತನಕ ಬಿಡಲಿಲ್ಲ. ಹತ್ತಿ ಬೂದಿ ಬಣ್ಣಕ್ಕೆ ತಿರುಗಿತು. ಚಿಪ್ ಪೆಟ್ಟಿಗೆಯೊಳಗೆ ಹೋಯಿತು. ಸರ್ವಮಂಗಳ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಚ್ಚಳವನ್ನೇ ನೋಡುತ್ತಾ ನಿಂತಳು.

"ತೆಗೆಯಲ್ಲ ಸಾರ್," ಎಂದಳು, ಯಾರೂ ಕೇಳದೆಯೇ.

ಇಪ್ಪತ್ತು ನಿಮಿಷ ಆದ ಮೇಲೆ ಚಿಪ್ಪನ್ನು ಕಿಟ್ಟಿಗೆ ಸಿಕ್ಕಿಸಿದರು. "ಓದೋರು ಯಾರು?" ಎಂದು ಸಾರ್ ಕೇಳಿದರು. ಬೀಗದ ಕೈ ಇಲ್ಲದವಳು ಓದಬಹುದೋ ಬಾರದೋ ತಿಳಿಯದೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಅಕ್ಕ, ಓದಿ," ಎಂದಳು ಹುಡುಗಿ. ಅವಳು ಗುಂಡಿ ಒತ್ತುತ್ತಾ ಹೋದಳು, ನಾನು ಕೆಂಪು ಅಂಕಿ ನೋಡಿ ಹೇಳುತ್ತಾ ಹೋದೆ. ಎಫ್ ಎಫ್. ಎಫ್ ಎಫ್. ಬಿ ಎಫ್ ಬಂದಿದ್ದ ಜಾಗ ದಾಟಿದೆವು, ಎಫ್ ಎಫ್. ಏಳು ಎಫ್ ಇದ್ದ ಜಾಗ, ಎಫ್ ಎಫ್. ಸಾಹೇಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಇನ್ನೂರೈವತ್ತಾರನೆಯ ಮನೆ ಮುಗಿಯುವ ಹೊತ್ತಿಗೆ ಅಲ್ಲಿರಲಿಲ್ಲ.

ಚಿಕ್ಕಮಾರಯ್ಯ ಮಾತ್ರ ಕಿಟಕಿಯಲ್ಲಿದ್ದ. "ಅದೇನವ್ವ, ಒಂದೇ ಮಾತು ಬೆಳಗ್ಗಿಂದ ಹೇಳ್ತಾ ಇದೀಯ? ಹರಕೆ ಏನಾರ ಕಟ್ಕೊಂಡಿದ್ಯಾ?"

"ಬೇರೆ ಮಾತು ಬರ್ದೇ ಇರ್ಲಿ ಅಂತ್ಲೇ ಹರಕೆ ಕಣಪ್ಪ," ಎಂದೆ.

ಆ ಸಂಜೆಯೊಳಗೆ ನಾನು ಓದಿ, ಅವಳು ಒತ್ತಿ, ಪ್ರೋಗ್ರಾಮು ಚಿಪ್‌ಗೆ ಇಳಿಯಿತು.

ಶನಿವಾರ ಲ್ಯಾಬಿನ ಬಾಗಿಲನ್ನು ಬೇರೆ ಅಟೆಂಡರ್ ತೆರೆದ. ನಾನು ಕಾರಿಡಾರಿನಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಒಳಗೆ ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ಹೋಗು ಎಂದೂ ಹೇಳಿರಲಿಲ್ಲ. ಎಕ್ಸಾಮಿನರ್ ಒಬ್ಬೊಬ್ಬರನ್ನೇ ಕರೆದರು. ಸರ್ವಮಂಗಳಳ ಸರದಿ ಊಟದ ಹೊತ್ತಿಗೆ ಬಂತು. ಒಳಗಿನ ಮಾತು ಇಂಗ್ಲಿಷಿನಲ್ಲಿತ್ತು, ನನಗೆ ತಿಳಿಯಲಿಲ್ಲ. ಆದರೆ ಸದ್ದು ತಿಳಿಯುತ್ತಿತ್ತು. ಬಕೆಟ್ಟಿಗೆ ನೀರು ಸುರಿದ ಸದ್ದು, ಒಂದು ಚೆಂಬು, ಎರಡು ಚೆಂಬು, ಮೂರು. ಟಕ್. ಮೋಟರ್ ನಿಂತಿತು ಎಂದು ಅರ್ಥ. ನೀರು ಮೊಗೆದು ತೆಗೆದ ಸದ್ದು. ಟಕ್. ಓಡಿತು.

ಆಮೇಲೆ ಗೋಡೆಯ ಮೇನ್ ಸ್ವಿಚ್ ಬಿದ್ದ ಶಬ್ದ ಕೇಳಿತು. ನಾನು ಆ ಸ್ವಿಚ್ಚನ್ನು ದಿನಾ ಸಂಜೆ ಆರಿಸಿದವಳು, ಅದರ ಶಬ್ದ ಎಲ್ಲಿದ್ದರೂ ಗುರುತು ಸಿಗುತ್ತದೆ. ಫ್ಯಾನುಗಳು ನಿಧಾನಕ್ಕೆ ನಿಂತವು. ಹುಡುಗಿಯ ಕೈಗಳು ಬೆನ್ನ ಹಿಂದೆ ಇರುತ್ತವೆ ಎಂದುಕೊಂಡೆ. ಮತ್ತೆ ಸ್ವಿಚ್. ಫ್ಯಾನು ಗರಗರ ಎಂದಿತು. ನಾನು ಮನಸ್ಸಿನಲ್ಲೇ ಮೂರು ಇ, ಎಂಟು ಎರಡು, ಡಿ ಮೂರು ಎನ್ನುತ್ತಿದ್ದೆ, ಅದು ಏಳುವಾಗ ಮೊದಲು ಓದಿಕೊಳ್ಳುವುದು ಅದನ್ನೇ ಅಲ್ಲವೇ.

ಟಕ್.

ಯಾರೂ ಏನೂ ಒತ್ತಿರಲಿಲ್ಲ. ಎಕ್ಸಾಮಿನರ್ "ಗುಡ್" ಎಂದರು. ಅಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು.

ಸರ್ವಮಂಗಳ ಹೊರಗೆ ಬಂದವಳು ನನ್ನ ಸ್ಟೂಲಿನ ಪಕ್ಕ ನೆಲದ ಮೇಲೇ ಕೂತುಬಿಟ್ಟಳು. "ತಾನೇ ಎದ್ದೋಯ್ತು ಅಕ್ಕ," ಎಂದಳು. "ಕೇಳುಸ್ತು," ಎಂದೆ. ಅವಳ ಸೀರೆ ಅಂಚೆಲ್ಲ ಬಕೆಟ್ಟಿನ ನೀರಿಗೆ ನೆನೆದಿತ್ತು. ಅವತ್ತು ಅವಳು ಮೂರೂವರೆ ಬಸ್ಸಿಗೇ ಕುಣಿಗಲ್ಲಿಗೆ ಹೋದಳು.

ಸೋಮವಾರ ಸಾಹೇಬರು ನನ್ನನ್ನು ಕರೆಸಿದರು. "ಹುಡುಗಿ ವಿಷಯ ಮುಗೀತು. ನಿನ್ನದು ಮುಗಿದಿಲ್ಲ. ಆದದ್ದನ್ನ ಬರೆದು ಕೊಡ್ಬೇಕು. ಸಮಜಾಯಿಷಿ. ಫೈಲಿಗೆ ಹೋಗುತ್ತೆ."

ಗಂಗಹನುಮಯ್ಯ ಸಾರ್ ಹತ್ತಿರ ಹೋದೆ. "ನೀವೇ ಒಂದು ನಾಲ್ಕು ಸಾಲು ಬರೆದುಕೊಡಿ ಸಾರ್, ರುಜು ಹಾಕ್ತೀನಿ."

"ವರ್ಷವೆಲ್ಲಾ ಆ ಹುಡುಗಿ ಪ್ರೋಗ್ರಾಮ್ ಓದಿದೋರು ನೀವು. ನಿಮ್ಮದು ನೀವೇ ಬರೀರಿ," ಎಂದು ಒಂದು ಬಿಳಿ ಹಾಳೆ ಕೊಟ್ಟರು. "ಅವಸರ ಬೇಡ. ಪ್ರೋಗ್ರಾಮ್ ಬರೆದ ಹಾಗೆ ಬರೀರಿ. ಮೊದಲು ಏನು, ಆಮೇಲೆ ಏನು."

ಅದುವರೆಗೆ ನಾನು ಬರೆದದ್ದು ರಿಜಿಸ್ಟರಿನಲ್ಲಿ ಹೆಸರು, ನಂಬರು, ಊರಿಗೆ ಎರಡು ಕಾರ್ಡು, ಅಷ್ಟೇ. ಆ ಹಾಳೆಗೆ ಎರಡು ದಿನ ಹಿಡಿಯಿತು. ಬರೆದದ್ದು ಇಷ್ಟು: ಚಿಪ್‌ನ ಬೆನ್ನಿನ ಮೇಲೆ ಗಾಜಿನ ಕಿಟಕಿ ಇರುತ್ತದೆ. ಅಳಿಸುವ ಬೆಳಕು ಅದರ ಮೂಲಕವೇ ಒಳಗೆ ಹೋಗಬೇಕು. ನಾನು ಆಯುಧಪೂಜೆಯ ದಿನ ಅದರ ಮೇಲೆ ವಿಭೂತಿ ಕುಂಕುಮ ಇಟ್ಟು ಚೀಟಿ ಅಂಟಿಸಿದೆನು. ಅದರಿಂದ ಬೆಳಕು ಒಳಗೆ ಹೋಗದೆ ಚಿಪ್ ಅಳಿಯಲಿಲ್ಲ. ತಪ್ಪು ನನ್ನದು, ವಿದ್ಯಾರ್ಥಿನಿ ಕು. ಸರ್ವಮಂಗಳ ಅವರದಲ್ಲ, ದೀಪದ್ದೂ ಅಲ್ಲ. ಇನ್ನು ಮುಂದೆ ಚೀಟಿ ಕಿತ್ತ ಮೇಲೆ ಗಾಜನ್ನು ಹತ್ತಿಯಿಂದ ಸ್ಪಿರಿಟ್ ಹಾಕಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮಸುಕು ಇಲ್ಲವೆಂದು ಖಾತ್ರಿಯಾದ ಮೇಲೆ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಅಳಿದ ಮೇಲೆ ಓದಿ ನೋಡತಕ್ಕದ್ದು. ವಿಭೂತಿಯನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಇಟ್ಟರೆ ಸಾಕು. ಇಂತಿ, ಹೊಂಬಾಳಮ್ಮ, ಅಟೆಂಡರ್.

ಸಾಹೇಬರು ಅದನ್ನು ನನ್ನೆದುರೇ ಓದಿದರು. ಒಂದು ಸಲ ಓದಿ ಮುಗಿಸಿ, ಮತ್ತೆ ಮೇಲಿನಿಂದ ಶುರು ಮಾಡಿದರು.

"ಇಷ್ಟೇನಾ?"

"ಅಷ್ಟೇ ಸಾರ್."

"ಯಾರೋ ಏನೋ ಹೇಳಿದ್ರು ಅಂತ ಬರೆದಿಲ್ವಲ್ಲ?"

ನಾನು ನೆಲ ನೋಡಿದೆ. "ಇಟ್ಟ ಕೈ ನಂದು ಸಾರ್."

ಅವರು ಜೇಬಿನಿಂದ ಕೆಂಪು ಶಾಯಿಯ ಪೆನ್ನು ತೆಗೆದರು. ನನ್ನ ರುಜುವಿನ ಕೆಳಗೆ ಏನೋ ಗೀಚಿ, ತಮ್ಮ ರುಜು ಹಾಕಿದರು. ಹಾಳೆಯನ್ನು ಫೈಲಿಗೆ ಹಾಕಲಿಲ್ಲ. ಡ್ರಾಯರಿನಿಂದ ಬೀಗದ ಕೈ ತೆಗೆದು ಹಾಳೆಯ ಮೇಲಿಟ್ಟು, ಎರಡನ್ನೂ ನನ್ನ ಕಡೆ ಸರಿಸಿದರು.

"ಗಂಗಹನುಮಯ್ಯನಿಗೆ ಕೊಡು. ಲ್ಯಾಬಲ್ಲಿ ಅಂಟಿಸ್ಲಿ."

ಆಮೇಲೆ ಏಳು ವರ್ಷ ನಾನು ಆ ಲ್ಯಾಬಿನಲ್ಲಿದ್ದೆ. ಸರ್ವಮಂಗಳ ಆ ವರ್ಷವೇ ಪಾಸಾದಳು. ಮೂರನೇ ನಂಬರಿನ ಚಿಪ್ ಹಾಸ್ಟೆಲಿನ ಪಂಪ್‌ಮನೆಗೆ ಹೋಯಿತು. ಚಿಕ್ಕಮಾರಯ್ಯ ಅದರ ಪೆಟ್ಟಿಗೆಯ ಮೇಲೆ ಬೆಂಕಿಪೊಟ್ಟಣ ಇಟ್ಟುಕೊಳ್ಳುತ್ತಿದ್ದ. ಆ ಹಾಳೆ ದೀಪದ ಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ಇತ್ತು. ಹೊಸ ತಂಡ ಚಿಪ್‌ನ ಪಾಠಕ್ಕೆ ಬಂದ ಮೊದಲ ದಿನ ಗಂಗಹನುಮಯ್ಯ ಸಾರ್ ಹಲಗೆಯ ಮೇಲೆ ಏನೂ ಬರೆಯುತ್ತಿರಲಿಲ್ಲ. "ಹೊಂಬಾಳಮ್ಮೋರೇ, ಓದಿ," ಎನ್ನುತ್ತಿದ್ದರು. ನಾನು ಗೋಡೆಯ ಹತ್ತಿರ ನಿಂತು, ನನ್ನ ರುಜುವಿನವರೆಗೆ ನಿಧಾನವಾಗಿ ಓದುತ್ತಿದ್ದೆ. ಅದರ ಕೆಳಗಿನ ಕೆಂಪು ಶಾಯಿಯ ಸಾಲನ್ನು ಓದುತ್ತಿರಲಿಲ್ಲ. ಹುಡುಗರು ಕತ್ತು ಚಾಚಿ ತಾವೇ ಓದಿಕೊಳ್ಳುತ್ತಿದ್ದರು: 'ಒಂದನ್ನೂ ಬಿಡಬೇಡ ಎಂದವನು ನಾನು.'